ಸೌರಶಕ್ತಿಯ ಶೀತಲ ಕೊಠಡಿ: ನಡೆಸುವ ಕ್ರಮ

ಟೊಮೆಟೊ ಬೆಳೆಗಾರರಿಗೆ ಬೆಲೆ ಕುಸಿತ ಹೊಸದಲ್ಲ. ಕೋಲಾರದ ಮಾರುಕಟ್ಟೆಗೆ ಮಾಲು ಹೆಚ್ಚಾಗಿ ಬಂದ ದಿನ, ಸಾಗಣೆ ಖರ್ಚೂ ಹುಟ್ಟದೆ ಹಣ್ಣನ್ನು ರಸ್ತೆಬದಿಗೆ ಸುರಿದವರುಂಟು. ಕೆಲವು ದಿನ ಹಣ್ಣು ಕೆಡದಂತೆ ಇಟ್ಟುಕೊಳ್ಳಬಲ್ಲ ರೈತರು ಬೆಲೆ ನೋಡಿ ಮಾರಬಹುದು. ಸೌರ ಫಲಕ ಮತ್ತು ಬ್ಯಾಟರಿಯಿಂದ ನಡೆಯುವ ಸಣ್ಣ ಶೀತಲ ಕೊಠಡಿ ಇದಕ್ಕೆ ಅನುಕೂಲ. ಆದರೆ ನಡೆಸುವ ಕ್ರಮ ತಪ್ಪಿದರೆ ರಾತ್ರಿ ಬ್ಯಾಟರಿ ಬರಿದಾಗಿ ಮಾಲು ಕೆಡುವುದಲ್ಲದೆ, ಬ್ಯಾಟರಿಯೂ ಬೇಗ ಹಾಳಾಗುತ್ತದೆ.

ಹೊರೆ ಎಷ್ಟು?

ಒಂದು ಕಿಲೋವಾಟ್ ಫಲಕ ಒಳ್ಳೆಯ ಬಿಸಿಲಿನ ದಿನ ಸುಮಾರು 4 ಯೂನಿಟ್ ವಿದ್ಯುತ್ ಕೊಡುತ್ತದೆ. 30 ಡಿಗ್ರಿ ಸೆಂಟಿಗ್ರೇಡ್ ಬಿಸಿಯಿರುವ ಒಂದು ಟನ್ ಟೊಮೆಟೊವನ್ನು 13 ಡಿಗ್ರಿಗೆ ಇಳಿಸಲು ಸುಮಾರು 7ರಿಂದ 8 ಯೂನಿಟ್ ಬೇಕು. ಅದೇ ಹಣ್ಣನ್ನು ಬೆಳಗಿನ ತಂಪಿನಲ್ಲಿ, 20 ಡಿಗ್ರಿಯಿರುವಾಗ ಕೊಯ್ದು ತಂದರೆ ಸುಮಾರು 3 ಯೂನಿಟ್ ಸಾಕು. ಬ್ಯಾಟರಿಯ ಉಳಿತಾಯ ಹೊಲದಲ್ಲಿಯೇ ಮೊದಲಾಗುತ್ತದೆ.

ತಂಪನ್ನು ಕೂಡಿಡುವುದು

ವಿದ್ಯುತ್ತನ್ನು ಬ್ಯಾಟರಿಯಲ್ಲಿ ಮಾತ್ರವಲ್ಲದೆ ತಂಪಿನ ರೂಪದಲ್ಲಿಯೂ ಕೂಡಿಡಬಹುದು. ಹಗಲಿನಲ್ಲಿ ಹಣ್ಣನ್ನೇ ಹೆಚ್ಚು ತಣ್ಣಗೆ ಮಾಡಿಡೋಣವೆಂದರೆ ಟೊಮೆಟೊಗೆ ಅದು ಸಲ್ಲದು. 10 ಡಿಗ್ರಿಗಿಂತ ಕೆಳಗೆ ಕೆಲವು ದಿನ ಇದ್ದರೆ ಅದು ಸರಿಯಾಗಿ ಮಾಗದೆ, ರುಚಿಗೆಟ್ಟು ಕೊಳೆಯುತ್ತದೆ. ಆದ್ದರಿಂದ ಪ್ರತ್ಯೇಕ ತೊಟ್ಟಿಯಲ್ಲಿ ನೀರನ್ನು ಹೆಪ್ಪುಗಟ್ಟಿಸಿ ಇಡುವುದು ಮೇಲು. 100 ಕಿಲೋ ಮಂಜುಗಡ್ಡೆ ಕರಗುವಾಗ ಹೀರುವಷ್ಟು ಶಾಖವನ್ನು ಯಂತ್ರದಿಂದ ತೆಗೆಯಲು ಸುಮಾರು 3ರಿಂದ 4 ಯೂನಿಟ್ ಖರ್ಚಾಗುತ್ತದೆ. ರಾತ್ರಿ ಈ ತೊಟ್ಟಿಯ ಮೇಲೆ ಗಾಳಿ ಹಾಯಿಸುವ ಫ್ಯಾನಿಗೆ ಬೇಕಾಗುವ ವಿದ್ಯುತ್ ಅಲ್ಪ.

ಅನುಸರಿಸಬೇಕಾದ ಕ್ರಮ

1. ಬಿಸಿಲು ಚೆನ್ನಾಗಿರುವ 10ರಿಂದ 3 ಗಂಟೆಯವರೆಗೆ ಕಂಪ್ರೆಸರನ್ನು ನೇರವಾಗಿ ಫಲಕದ ವಿದ್ಯುತ್ತಿನಿಂದ ನಡೆಸಿ, ಕೊಠಡಿಯನ್ನು 12 ಡಿಗ್ರಿಗೆ ತನ್ನಿ. ನಂತರ ಮಂಜುಗಡ್ಡೆಯ ತೊಟ್ಟಿ, ಬ್ಯಾಟರಿಗಳಿಗೆ ವಿದ್ಯುತ್ ಕೊಡಿ. ಮಿಕ್ಕಿದ್ದು ಪಂಪಿಗೆ.

2. ರಾತ್ರಿ ಉಷ್ಣತೆ 14 ಡಿಗ್ರಿಯವರೆಗೆ ಏರಲು ಬಿಡಿ. ಮಂಜುಗಡ್ಡೆ ಮುಗಿದು ಅದಕ್ಕೂ ಮೀರಿದರೆ ಮಾತ್ರ ಬ್ಯಾಟರಿಯಿಂದ ಕಂಪ್ರೆಸರ್ ನಡೆಸಿ.

3. ಸೀಸ-ಆಮ್ಲದ ಬ್ಯಾಟರಿ ಅರ್ಧ ಖಾಲಿಯಾದೊಡನೆ ಕಂಪ್ರೆಸರ್ ತಾನಾಗಿ ನಿಲ್ಲುವಂತೆ ನಿಯಂತ್ರಕವನ್ನು ಹೊಂದಿಸಿ.

4. ಒಮ್ಮೆ ನಿಂತ ಕಂಪ್ರೆಸರನ್ನು 5 ನಿಮಿಷದೊಳಗೆ ಮತ್ತೆ ಚಾಲೂ ಮಾಡಬಾರದು. ನೇರವಾಗಿ ಚಾಲೂ ಆಗುವ ಮೋಟಾರು ಆ ಕ್ಷಣದಲ್ಲಿ ಐದಾರು ಪಟ್ಟು ಕರೆಂಟ್ ಎಳೆಯುವುದರಿಂದ ಪಂಪು, ಕಂಪ್ರೆಸರುಗಳನ್ನು ಒಟ್ಟಿಗೆ ಚಾಲೂ ಮಾಡಬೇಡಿ.

5. ಉಷ್ಣಮಾಪಕವನ್ನು ಬಾಗಿಲ ಬಳಿ ಇಡದೆ ಕ್ರೇಟುಗಳ ನಡುವೆ ಇಡಿ. ಕರಗುವ ಮಂಜುಗಡ್ಡೆಯಲ್ಲಿ ಅದ್ದಿದಾಗ ಅದು 0 ಡಿಗ್ರಿ ತೋರಿಸಬೇಕು.

ಮೋಡದ ದಿನಗಳಲ್ಲಿ

ಮಳೆಗಾಲದಲ್ಲಿ ಫಲಕದಿಂದ ಬರುವ ವಿದ್ಯುತ್ ಬಹಳ ಇಳಿಯುತ್ತದೆ. ಅಂತಹ ದಿನ ಹೊಸ ಮಾಲನ್ನು ತುಂಬದೆ, ಒಳಗಿರುವುದನ್ನಷ್ಟೇ ಕಾಪಾಡಿಕೊಳ್ಳಿ. ಬಾಗಿಲನ್ನು ಪದೇ ಪದೇ ತೆರೆಯಬೇಡಿ. ಎರಡನೆಯ ದಿನವೂ ಮೋಡ ಕವಿದಿದ್ದರೆ ಲೈನಿನ ಕರೆಂಟ್ ಬಳಸುವುದು ಅಥವಾ ಸಿಕ್ಕ ಬೆಲೆಗೆ ಮಾಲು ಸಾಗಿಸುವುದು ಜಾಣತನ. ಕೊಠಡಿಯೊಳಗೆ ಕೊಳೆತ ಹಣ್ಣಿಗೆ ಯಾವ ಮಾರುಕಟ್ಟೆಯಲ್ಲಿಯೂ ಬೆಲೆಯಿಲ್ಲ.