ವಿದುರಾಶ್ವತ್ಥದ ಕಲ್ಲುಗಳು

ಶೋಕವು ಶ್ಲೋಕವಾದ ಆದಿಕವಿಯ ಕಥೆಯನ್ನು ಅರಿಯದ ಸಾಹಿತ್ಯಾಭ್ಯಾಸಿಗಳಿಲ್ಲ. ಕ್ರೌಂಚಮಿಥುನದಲ್ಲೊಂದು ಬೇಡನ ಬಾಣಕ್ಕೆ ಬಲಿಯಾದುದನ್ನು ಕಂಡು ವಾಲ್ಮೀಕಿಯ ಬಾಯಿಂದ ಛಂದೋಬದ್ಧವಾದ ಮಾತು ಹೊರಟ ಪ್ರಸಂಗವನ್ನು 9ನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದಲ್ಲಿ ನಿದರ್ಶನವಾಗಿ ಎತ್ತಿಕೊಂಡನು. ಅದಕ್ಕೆ ವ್ಯಾಖ್ಯಾನವನ್ನು ರಚಿಸಿದ ಅಭಿನವಗುಪ್ತನು ಒಂದು ಎಚ್ಚರಿಕೆಯನ್ನು ಕೊಟ್ಟಿದ್ದಾನೆ: ಆ ಶೋಕವನ್ನು ಮುನಿಯ ಸ್ವಂತ ಶೋಕವೆಂದು ಭಾವಿಸತಕ್ಕದ್ದಲ್ಲ, ತಾನೇ ದುಃಖದಲ್ಲಿ ಬೇಯುತ್ತಿರುವವನಿಗೆ ರಸವೆಲ್ಲಿಯದು? ಈ ಮಾತನ್ನು ಗ್ರಂಥಗಳಲ್ಲಿ ಪರೀಕ್ಷಿಸಿದವರು ಅನೇಕರು. ಕಲ್ಲಿನಲ್ಲಿ ಪರೀಕ್ಷಿಸುವುದಕ್ಕೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕಿಂತ ತಕ್ಕ ಸ್ಥಳವು ದೊರೆಯುವುದು ಕಷ್ಟ.

ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರಪಿನಾಕಿನಿಯ ದಡದ ಈ ಕ್ಷೇತ್ರದಲ್ಲಿ ಮಹಾಭಾರತದ ವಿದುರನು ಅಶ್ವತ್ಥವನ್ನು ನೆಟ್ಟನೆಂಬುದು ಸ್ಥಳಪುರಾಣ. ಚರಿತ್ರೆಗೆ ಅದು ನಿಲುಕುವುದಲ್ಲ. ನಿಲುಕುವುದು ಕಟ್ಟೆಯ ಸುತ್ತ ಒತ್ತೊತ್ತಾಗಿ ನಿಂತಿರುವ ಸಾವಿರಾರು ನಾಗರಕಲ್ಲುಗಳು. ಕೆಲವು ಒಂಟಿ ಹೆಡೆಯವು. ಕೆಲವು ಐದು ಏಳು ಹೆಡೆಯವು. ಕೆಲವುಗಳಲ್ಲಿ ಎರಡು ಸರ್ಪಗಳು ಹೆಣೆದುಕೊಂಡು, ನಡುವಣ ಎಡೆಯಲ್ಲಿ ಲಿಂಗವು ಮೂಡಿದೆ. ಇವನ್ನು ಪ್ರತಿಷ್ಠಿಸಿದವರಲ್ಲಿ ಬಹುಮಂದಿ ಮಕ್ಕಳಿಲ್ಲದ ದಂಪತಿಗಳು.

ಬಂಜೆಯೆಂಬ ಮಾತಿನ ತೀಕ್ಷ್ಣತೆಯನ್ನು ನಮ್ಮ ಹೆಂಗಸರ ಹಾಡುಗಳೇ ಸಾರುತ್ತಿರುವುವು. ಆ ದುಃಖವನ್ನು ಹಗಲಿನಲ್ಲಿ, ಹತ್ತು ಜನರ ಎದುರಿನಲ್ಲಿ ಆಡುವಂತಿಲ್ಲ. ನಾಗಪ್ರತಿಷ್ಠೆಯ ವಿಧಿಯಾದರೋ ಅದಕ್ಕೆ ಕೆಲಸವನ್ನೂ ಕಾಲವನ್ನೂ ಒದಗಿಸುತ್ತದೆ. ಶಿಲ್ಪಿಯನ್ನು ಗೊತ್ತುಮಾಡಬೇಕು, ಕಡೆದ ಕಲ್ಲನ್ನು ನೀರಿನಲ್ಲಿ ಮುಳುಗಿಸಿ ಇಡಬೇಕು, ಬಳಿಕ ಮಂತ್ರಪೂರ್ವಕವಾಗಿ ಪ್ರಾಣಪ್ರತಿಷ್ಠೆಯನ್ನು ಮಾಡಿಸಿ ಮರದ ಬುಡದಲ್ಲಿ ನಿಲ್ಲಿಸಿ, ಹಾಲೆರೆದು ಪ್ರದಕ್ಷಿಣೆ ಬರಬೇಕು. ಹೆತ್ತು ಸಾಕುವ ಕ್ರಮವನ್ನೇ ಇದು ಹೋಲುತ್ತದೆಯೆಂದರೆ ಅತಿಶಯೋಕ್ತಿಯಾಗದು. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು: ದುಃಖವು ಒಬ್ಬಳದು, ಉಳಿ ಹಿಡಿದ ಕೈ ಮತ್ತೊಬ್ಬನದು. ಶಿಲ್ಪಿಯು ಅಳುವುದಿಲ್ಲ, ಅಳತೆಯನ್ನು ನೋಡುತ್ತಾನೆ. ಆ ಅಳತೆಯ ದೆಸೆಯಿಂದಲೇ ಅವಳ ಅಳಲು ಅವಳಿಂದ ಹೊರಗೆ ಬಂದು, ಇತರರ ಕಲ್ಲುಗಳ ಸಾಲಿನಲ್ಲಿ ಒಂದಾಗಿ ನಿಲ್ಲುತ್ತದೆ. ಅಭಿನವಗುಪ್ತನ ಎಚ್ಚರಿಕೆಗೆ ಇದಕ್ಕಿಂತ ಸರಳವಾದ ಭಾಷ್ಯವು ಬೇಡ.

ಇಂತಹ ಕಲ್ಲುಗಳು ವಿದ್ವಾಂಸರ ಲಕ್ಷ್ಯಕ್ಕೆ ಬೀಳದಿರುವುದಕ್ಕೆ ಕಾರಣವು ಸ್ಪಷ್ಟ. ಹಳೆಯವುಗಳಲ್ಲಿ ಹೆಚ್ಚಿನವು ನಿರಕ್ಷರವಾದವು. 1905ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಕೋಲಾರ ಸಂಪುಟದಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳ ಶಾಸನಗಳೆಲ್ಲ ಸೇರಿವೆ. ಅಕ್ಷರವುಳ್ಳ ವೀರಗಲ್ಲಿಗೆ ಅಲ್ಲಿ ಸ್ಥಾನವುಂಟು, ನಾಗರಕಲ್ಲಿಗಿಲ್ಲ. ಶಾಸನಸಂಗ್ರಾಹಕರಿಗೆ ಇದು ದೋಷವಲ್ಲ. ಸಾಹಿತ್ಯದ ಅಧ್ಯಾಪಕರೂ ಅದೇ ಜಾಡನ್ನು ಹಿಡಿದುದು ಮಾತ್ರ ವಿಷಾದಕರ.

ವೀರಗಲ್ಲಾದರೂ ಶೋಕದ ರಚನೆಯೇ. ಮೂರು ಪಟ್ಟಿಕೆಗಳುಳ್ಳ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಳ್ಳಬೇಕು: ಬುಡದಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಸುರಾಂಗನೆಯರು, ತುದಿಯಲ್ಲಿ ದೇವಸನ್ನಿಧಿ. ನೆಟ್ಟ ಬಂಧುವಿನ ಕಣ್ಣು ನೆತ್ತರಿನಿಂದ ಹೊರಟು ಮೇಲಕ್ಕೇರುವಂತೆ ಅದನ್ನು ಕಡೆಯಲಾಗಿದೆ. ಮಂಡ್ಯದ ಸೀಮೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949–50ರ ಕಲ್ಲು ಇನ್ನೂ ಕುತೂಹಲಕರವಾದುದು. ಗಂಗ ಬೂತುಗನು ಮೆಚ್ಚಿ ಬೇಡಿಕೊಳ್ಳೆಂದಾಗ ಮಣಲೇರನು ಬೇಡಿದುದು ಕಾಳಿಯೆಂಬ ನಾಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಎರಡೂ ಮಡಿದುವು. ಅದಕ್ಕಾಗಿ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟದ್ದಲ್ಲದೆ, ಆ ಕಲ್ಲನ್ನು ಪೂಜಿಸದೆ ಗೊರವನು ಉಣ್ಣಕೂಡದೆಂಬ ಕಟ್ಟಳೆಯನ್ನೂ ಕೆತ್ತಿಸಲಾಯಿತು. ಒಬ್ಬನ ದುಃಖವು ಹೀಗೆ ಮತ್ತೊಬ್ಬನ ನಿತ್ಯಕರ್ಮವಾಯಿತು.

ವಿದುರಾಶ್ವತ್ಥಕ್ಕೆ ಎರಡನೆಯ ಬಗೆಯ ಶೋಕವು ಬಂದುದು 1938ರ ಏಪ್ರಿಲ್ 25ರಂದು. ಶಿವಪುರದ ಧ್ವಜಸತ್ಯಾಗ್ರಹವು ನಡೆದು ಎರಡು ವಾರಗಳಾಗಿದ್ದುವು. ನಿಷೇಧಾಜ್ಞೆಯನ್ನು ಮೀರಿ ಸೇರಿದ್ದ ಜನರ ಮೇಲೆ ಪೋಲೀಸರು ಗುಂಡುಹಾರಿಸಿದರು. ಮಡಿದವರು 30ಕ್ಕೆ ಮೇಲ್ಪಟ್ಟವರೆಂಬುದು ಜನರ ಎಣಿಕೆ. ಸರ್ಕಾರದ ಲೆಕ್ಕವು ಅದಕ್ಕಿಂತ ಬಹಳ ಕಡಮೆ. ಮೈಸೂರು ಸರ್ಕಾರವು ವೇಪ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು; ಮಿರ್ಜಾ–ಪಟೇಲ್ ಒಪ್ಪಂದವೂ ಬಂದಿತು. ವಿಚಾರಣೆ, ಒಪ್ಪಂದಗಳಿಂದ ಮನೆಮನೆಯ ಅಳಲು ತೀರಲಿಲ್ಲವೆಂಬುದಕ್ಕೆ ಆಮೇಲೆ ಅಲ್ಲಿ ಎದ್ದ ಸ್ಮಾರಕಸ್ತೂಪವೂ, ಸ್ವಾತಂತ್ರ್ಯಸಂಗ್ರಾಮದ ಚಿತ್ರಗಳನ್ನಿರಿಸಿದ ವೀರಸೌಧವೂ ಸಾಕ್ಷಿ. ವೀರಗಲ್ಲಿನಲ್ಲಿದ್ದ 'ವೀರ' ಶಬ್ದವು ಆಯುಧವಿಲ್ಲದೆ ಮಡಿದ ರೈತರಿಗೆ ಇಲ್ಲಿ ಸಂದಿರುವುದು ಅರ್ಥವಿಸ್ತಾರದ ಒಳ್ಳೆಯ ಉದಾಹರಣೆ. ಆದರೆ ಸ್ತೂಪಕ್ಕೆ ದಿನವೂ ಹಾಲೆರೆಯುವವರಿಲ್ಲ, ವರ್ಷಕ್ಕೊಮ್ಮೆ ಭಾಷಣವುಂಟು.

2001ರಲ್ಲಿ ಪ್ರಾಚೀನವಾದ ಅಶ್ವತ್ಥವೃಕ್ಷವೇ ಉರುಳಿಬಿದ್ದಿತು. ಅದರ ನೆರಳಿಗಾಗಿಯೇ ನಿಲ್ಲಿಸಿದ್ದ ಕಲ್ಲುಗಳು ಬಿಸಿಲಿನಲ್ಲಿ ಉಳಿದುವು. ಹರಕೆ ಹೊತ್ತವರು ಅದರ ಅನಂತರವೂ ಬಂದು, ತಮ್ಮ ಕಲ್ಲುಗಳನ್ನು ಆ ಹಳೆಯವುಗಳ ಪಕ್ಕದಲ್ಲಿಯೇ ನಿಲ್ಲಿಸುತ್ತಿದ್ದಾರೆ.