ನಡಿಗೆಗೂ ಗ್ರಾಮಸಭೆಯಲ್ಲಿ ಹಣ ಕೇಳಿರಿ

ರೈತ ಬಾಂಧವರೇ, 2025ರ ಮೇ-ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. ಅವರಲ್ಲಿ ಹಲವರು ಇನ್ನೂ 45 ದಾಟದವರು. ಹೃದಯಾಘಾತದ ಸಾವುಗಳು ಅಸಹಜವಾಗಿ ಏರಿಲ್ಲವೆಂದು ಸರ್ಕಾರದ ತಜ್ಞರ ಸಮಿತಿ ಜುಲೈನಲ್ಲಿ ವರದಿ ನೀಡಿತು. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನಗಳತ್ತ ಅದು ಬೊಟ್ಟು ಮಾಡಿತು. ಹೆದರಬೇಕಿಲ್ಲ, ಎಚ್ಚರ ಬೇಕು.

ಹೊಲದಲ್ಲಿ ದುಡಿಯುವವನಿಗೆ ನಡಿಗೆ ಏಕೆ ಎನ್ನುವಿರಾ? ಮೈಮುರಿದು ದುಡಿದ ದಿನ ಆ ದುಡಿಮೆಯೇ ವ್ಯಾಯಾಮ. ಆದರೆ ಈಗ ಉಳುಮೆಗೆ ಟ್ರ್ಯಾಕ್ಟರ್, ಹೊಲಕ್ಕೆ ಹೋಗಲು ಬೈಕು. ಚನ್ನರಾಯಪಟ್ಟಣದ ತೆಂಗಿನ ತೋಟಕ್ಕೆ ಗುಂಡಿ ಒತ್ತಿದರೆ ನೀರು. ಹಾಸನದ ಆಲೂಗೆಡ್ಡೆ, ಹೊಳೆನರಸೀಪುರದ ಭತ್ತದ ಕೊಯ್ಲು ಮುಗಿದರೆ ಕೆಲಸವೇ ಕಡಿಮೆ. ಅರಕಲಗೂಡಿನ ಹೊಗೆಸೊಪ್ಪು ಬೆಳೆಗಾರರಿಗೆ ಇನ್ನೊಂದು ಮಾತು: ಬೀಡಿಯ ಹಾನಿಯನ್ನು ನಡಿಗೆ ಅಳಿಸಲಾರದು.

ಪ್ರಮಾಣ ಎಷ್ಟು? ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಅಂದರೆ ದಿನಕ್ಕೆ 30 ನಿಮಿಷದಂತೆ 5 ದಿನ. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು ಸಾಕು.

ನಡೆಯಲು ಖರ್ಚಿಲ್ಲ, ಹಾದಿಗೆ ಖರ್ಚುಂಟು. ದೀಪವಿಲ್ಲದ ರಸ್ತೆಯಲ್ಲಿ ಹೆಣ್ಣುಮಕ್ಕಳು ನಸುಕಿನಲ್ಲಿ ಹೊರಡುವುದು ಹೇಗೆ? ಆದ್ದರಿಂದ ಹೀಗೆ ಮಾಡಿರಿ:

1. ಕೆರೆ ಏರಿಯಂತಹ ಒಂದು ಹಾದಿಯನ್ನು ಆರಿಸಿ ಮುಳ್ಳುಕಂಟಿ ತೆಗೆಯಿರಿ. ಏರಿಯನ್ನು ಅಗೆಯಬಾರದು, ಅದರ ಮೇಲೆ ಮರ ನೆಡಬಾರದು. ಬೇರಿನ ಜಾಡಿನಲ್ಲಿ ನೀರು ಜಿನುಗಿ ಏರಿ ಕೆಡುತ್ತದೆ.

2. ಗ್ರಾಮಸಭೆ 6 ತಿಂಗಳಿಗೆ ಒಮ್ಮೆಯಾದರೂ ಸೇರಬೇಕೆಂದು ಕಾನೂನಿದೆ. ಅಲ್ಲಿ ದೀಪ, ವಯಸ್ಸಾದವರಿಗೆ ಕಲ್ಲುಬೆಂಚುಗಳನ್ನು ಪಂಚಾಯಿತಿಯ ಅಭಿವೃದ್ಧಿ ಯೋಜನೆಗೆ ಸೇರಿಸಲು ಕೇಳಿರಿ.

3. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಊರಿನ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಅನುದಾನಕ್ಕೆ ಅವಕಾಶವಿದೆ. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ. ರಕ್ತದೊತ್ತಡ ಅಳೆಯುವ ಯಂತ್ರಕ್ಕೆ ಇದರಿಂದ ಹಣ ಒದಗಬಹುದೇ ಎಂದು ಸಮಿತಿಯಲ್ಲಿ ಚರ್ಚಿಸಿರಿ.

4. 30 ವರ್ಷ ದಾಟಿದವರೆಲ್ಲ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿ ಬರೆದಿಡಿರಿ. ರಕ್ತದೊತ್ತಡ 140/90 ಅಥವಾ ಹೆಚ್ಚಿದ್ದರೆ ವೈದ್ಯರನ್ನು ಕಾಣಿರಿ. ಎದೆನೋವು, ಏದುಸಿರು ಇರುವವರು ಮೊದಲು ವೈದ್ಯರಲ್ಲಿಗೆ, ಆಮೇಲೆ ನಡಿಗೆಗೆ.

ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವ ನೀವು ಮೈಯ ಪರೀಕ್ಷೆಯನ್ನು ಮುಂದೂಡಬೇಡಿರಿ. ಬೆಳೆ ಹೋದರೆ ಮುಂದಿನ ಮುಂಗಾರು ಉಂಟು. ಮನೆಯ ಯಜಮಾನ ಹೋದರೆ ಆ ಮನೆಗೆ ಮುಂಗಾರಿಲ್ಲ.