ಎಚ್‌ಐವಿ ಮಾತ್ರೆಯಿಂದ ಲಿವರ್ ಹಾಳಾಗುತ್ತಾ? ಹೆದರಿ ಬಿಡೋ ಮುಂಚೆ ಇದನ್ನು ಓದಿ

‘ಆ ಮಾತ್ರೆ ನುಂಗಿದ್ರೆ ಲಿವರ್ ಹೋಗುತ್ತಂತೆ’. ಎಚ್‌ಐವಿ ಚಿಕಿತ್ಸೆ ವಿಷಯ ಬಂದರೆ ಸಾಕು, ಈ ಮಾತು ಬಂದೇ ಬರುತ್ತೆ. ಇದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಅರ್ಧ ನಿಜ ನಂಬಿ ಮಾತ್ರೆ ಬಿಟ್ಟರೆ ಲಿವರ್ ಜೊತೆ ಜೀವಕ್ಕೂ ಕುತ್ತು.

ಭಯ ಬಂದಿದ್ದೆಲ್ಲಿಂದ?

ದೇಶದಲ್ಲಿ ಸರ್ಕಾರದ ಉಚಿತ ಎಆರ್‌ಟಿ ಚಿಕಿತ್ಸೆ ಶುರುವಾಗಿದ್ದು 2004ರ ಏಪ್ರಿಲ್‌ನಲ್ಲಿ. ಆಗ ಕೊಡುತ್ತಿದ್ದ ಔಷಧಿಗಳಲ್ಲಿ ನೆವಿರಪಿನ್ ಒಂದು. ಇದು ಕೆಲವರಿಗೆ ಲಿವರ್‌ಗೆ ಪೆಟ್ಟು ಕೊಡುತ್ತಿತ್ತು. ಮೊದಲ 18 ವಾರ ಅಪಾಯ ಹೆಚ್ಚು. ಅದಕ್ಕೇ ಮೊದಲ 14 ದಿನ ಅರ್ಧ ಡೋಸ್ ಕೊಟ್ಟು ಆಮೇಲೆ ಪೂರ್ತಿ ಕೊಡುತ್ತಿದ್ದರು.

ಈಗ ಹೊಸದಾಗಿ ಚಿಕಿತ್ಸೆ ಶುರು ಮಾಡುವ ದೊಡ್ಡವರಲ್ಲಿ ಹೆಚ್ಚಿನವರಿಗೆ ಸಿಗೋದು ಟಿಎಲ್‌ಡಿ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ, ದಿನಕ್ಕೊಂದೇ ಮಾತ್ರೆ. ಇದರಲ್ಲಿ ಲಿವರ್ ತೊಂದರೆ ಕಡಿಮೆ. ಇಲ್ಲವೇ ಇಲ್ಲ ಅಂತಲ್ಲ.

ಯಾರು ಹುಷಾರಾಗಿರಬೇಕು?

* ಹೆಪಟೈಟಿಸ್ ಬಿ ಅಥವಾ ಸಿ ಇರುವವರು
* ಟಿಬಿ ಮಾತ್ರೆ ತೆಗೆದುಕೊಳ್ಳುತ್ತಿರುವವರು. ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಲಿವರ್‌ಗೆ ಭಾರ
* ಕುಡಿಯುವ ಅಭ್ಯಾಸ ಇರುವವರು
* ಡಾಕ್ಟರಿಗೆ ಹೇಳದೆ ನಾಟಿ ಔಷಧಿ ಅಥವಾ ಮೈಕೈ ನೋವಿನ ಮಾತ್ರೆ ನುಂಗುವವರು

ಇದರಲ್ಲಿ ಹೆಪಟೈಟಿಸ್ ಬಿ ವಿಷಯ ಎಲ್ಲರಿಗೂ ಗೊತ್ತಿರಬೇಕು. ಎಚ್‌ಐವಿ ಹರಡುವ ದಾರಿಗಳಲ್ಲೇ ಇದೂ ಹರಡುತ್ತೆ. ಚಿಕಿತ್ಸೆ ಶುರುವಾಗಿ ರೋಗ ನಿರೋಧಕ ಶಕ್ತಿ ಚೇತರಿಸಿಕೊಂಡಾಗ, ಅದು ಲಿವರ್‌ನಲ್ಲಿ ಅಡಗಿರುವ ಈ ವೈರಸ್ ಮೇಲೆ ತಿರುಗಿ ಬೀಳುತ್ತೆ. ಆಗ ಮೊದಲ ಕೆಲವು ತಿಂಗಳಲ್ಲಿ ಕಾಮಾಲೆ ಕಾಣಿಸಬಹುದು. ಮನೆಯವರು ‘ಮಾತ್ರೆ ಆಗಿ ಬರಲಿಲ್ಲ’ ಅಂದುಕೊಂಡು ನಿಲ್ಲಿಸಿಬಿಡ್ತಾರೆ. ಆದರೆ ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಹೆಪಟೈಟಿಸ್ ಬಿಯನ್ನೂ ಹತೋಟಿಯಲ್ಲಿ ಇಡುವ ಔಷಧಿಗಳು. ಏಕಾಏಕಿ ನಿಲ್ಲಿಸಿದರೆ ಆ ವೈರಸ್ ಮತ್ತೆ ಹೆಡೆ ಎತ್ತಿ ಲಿವರ್ ಪೂರ್ತಿ ಕೈಕೊಡಬಹುದು.

ಈ ಲಕ್ಷಣ ಕಂಡರೆ ಅವತ್ತೇ ಹೋಗಿ

ಕಣ್ಣು ಹಳದಿ, ಮೂತ್ರ ಕಡು ಬಣ್ಣ, ನಿಲ್ಲದ ವಾಂತಿ, ಊಟ ಸೇರದಿರುವುದು, ಪಕ್ಕೆಲುಬಿನ ಕೆಳಗೆ ಬಲಭಾಗದಲ್ಲಿ ನೋವು, ಮೈ ತುರಿಕೆ, ವಿಪರೀತ ಸುಸ್ತು. ಮಂಪರು ಕವಿದರೆ ಅಥವಾ ಮಾತು ತಡವರಿಸಿದರೆ ಅದು ತುರ್ತು, ತಡ ಮಾಡಲೇಬೇಡಿ.

ಕಾಮಾಲೆಗೆ ಸೊಪ್ಪಿನ ಔಷಧಿ ಕುಡಿಸಿ ಕಾಯುತ್ತಾ ಕೂರಬೇಡಿ. ಎಆರ್‌ಟಿ ಕೇಂದ್ರಕ್ಕೆ ಹೋಗಿ. ದೂರವಾದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ನುಂಗುತ್ತಿರುವ ಎಲ್ಲಾ ಮಾತ್ರೆ ಡಬ್ಬಿ ಜೊತೆಗಿರಲಿ. ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ಬದಲಿಸಬೇಕು ಅನ್ನೋದನ್ನು ರಕ್ತ ಪರೀಕ್ಷೆ ನೋಡಿ ಡಾಕ್ಟರೇ ಹೇಳಬೇಕು. ಎರಡನೇ ಹಂತದ ಚಿಕಿತ್ಸೆಯ ಅಟಜನವಿರ್‌ನಿಂದ ಲಿವರ್‌ಗೆ ಏನೂ ಆಗದಿದ್ದರೂ ಕಣ್ಣು ಹಳದಿಯಾಗಬಹುದು. ಇದು ಪರೀಕ್ಷೆ ಮಾಡಿದರಷ್ಟೇ ಗೊತ್ತಾಗೋದು.

ಶುರುವಿನಲ್ಲೇ ಕೇಳಿ

ಎಸ್‌ಜಿಪಿಟಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಿದೆಯಾ ಅಂತ ಕೇಳಲು ಸಂಕೋಚ ಬೇಡ. ಹೆಪಟೈಟಿಸ್ ಬಿ ಇಲ್ಲದಿದ್ದರೆ ಲಸಿಕೆ ಬಗ್ಗೆ ವಿಚಾರಿಸಿ. ಕುಡಿತ, ಬೇರೆ ಔಷಧಿ ಯಾವುದನ್ನೂ ಮುಚ್ಚಿಡಬೇಡಿ.

ಮೆಡಿಕಲ್ ಶಾಪ್‌ನವರಿಗೂ ಒಂದು ಮಾತು. ಕಾಮಾಲೆ, ವಾಂತಿ ಅಂತ ಬಂದವರಿಗೆ ಏನೋ ಒಂದು ಕೊಟ್ಟು ಕಳಿಸಬೇಡಿ, ಆಸ್ಪತ್ರೆಗೆ ಹೋಗಲು ಹೇಳಿ. ಅಂಗಡಿ ಮುಂದೆ ನಾಲ್ಕು ಜನರಿದ್ದಾಗ ಕಾಯಿಲೆ ಹೆಸರು ಎತ್ತಬೇಡಿ. ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ವಿಷಯ ಬಹಿರಂಗ ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸುತ್ತದೆ.

ಮಾಹಿತಿಗೆ ಉಚಿತ ಸಹಾಯವಾಣಿ: 1097